ಮದುವೆಗೆ ಎಡಗೆನ್ನೆ, ಸಾವಿಗೆ ಬಲಗೆನ್ನೆ

ನನ್ನ ತಂಗಿಯ ಮಾವನವರ ಮುಖ ಮೂಗಿನ ಗೆರೆಯಲ್ಲಿ ಎರಡು ಭಾಗವಾಗಿತ್ತು. ಎಡತುಟಿಯ ತುದಿ ಸದಾ ಮೇಲಕ್ಕೆ ಎಳೆದುಕೊಂಡಿರುತ್ತಿತ್ತು. ಆ ಕಡೆಯಿಂದ ನೋಡಿದವರಿಗೆ ಅವರು ಈಗಷ್ಟೇ ಯಾವುದೋ ತಮಾಷೆ ಕೇಳಿ ನಗು ತಡೆದುಕೊಂಡಿದ್ದಾರೆ ಅನಿಸುತ್ತಿತ್ತು. ಬಲಗಡೆ ಕೆನ್ನೆ ಜೋತುಬಿದ್ದು, ಹುಬ್ಬು ಇಳಿದು, ಕಣ್ಣು ಮಿಟುಕದೆ ನೆಟ್ಟುಕೊಂಡಿರುತ್ತಿತ್ತು. ಆ ಕಡೆಯಿಂದ ನೋಡಿದವರಿಗೆ ತಾವೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗಾಗುತ್ತಿತ್ತು. ಎದುರಿಗೆ ನಿಂತು ಪೂರ್ತಿ ಮುಖ ನೋಡಿದವರು ಕಡಿಮೆ. ಅದಕ್ಕೆ ಅವರು ಅವಕಾಶವನ್ನೇ ಕೊಡುತ್ತಿರಲಿಲ್ಲ.

ಅವರು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದವರು. ಪಾವಗಡದಿಂದ ಮಧುಗಿರಿ, ಅಲ್ಲಿಂದ ಕೊರಟಗೆರೆ, ಶುಕ್ರವಾರ ಮಾತ್ರ ಗೊರವನಹಳ್ಳಿಯವರೆಗೆ. ಡ್ರೈವರ್ ಪಕ್ಕದ ಕಿಟಕಿಯ ಗಾಳಿ ಬಲಗೆನ್ನೆಗೆ ಹೊಡೆದೂ ಹೊಡೆದೂ ಒಂದು ಬೆಳಿಗ್ಗೆ ಎದ್ದಾಗ ಬಾಯಿ ವಾರೆಯಾಗಿತ್ತು ಎಂಬುದು ಅವರ ಹೇಳಿಕೆ. ಮುಖದ ನರಕ್ಕೆ ಬಂದ ತೊಂದರೆ, ಕಿಟಕಿಯ ಪಾತ್ರ ಏನೂ ಇಲ್ಲ ಎಂಬುದು ವೈದ್ಯರ ಹೇಳಿಕೆ. ಹಲವರಿಗೆ ಕೆಲವು ತಿಂಗಳಲ್ಲಿ ಸರಿಹೋಗುವಂಥದ್ದು ಇವರಿಗೆ ಸರಿಹೋಗಲಿಲ್ಲ. ಎರಡೂ ಕಡೆಯವರ ಮಾತನ್ನು ಬರೆಯುವುದು ನನ್ನ ಕಸುಬಿನ ಅಭ್ಯಾಸವಾದ್ದರಿಂದ ಎರಡನ್ನೂ ಬರೆದಿದ್ದೇನೆ. ಅವರು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ. "ಆ ಡಾಕ್ಟ್ರು ಯಾವತ್ತಾದ್ರೂ ಮಿಡಿಗೇಶಿ ದಾಟಿ ಬೆಳಗಿನ ಟ್ರಿಪ್ ಹೊಡೆದವ್ರಾ ಸಾರ್?" ಎಂದು ಕೇಳುತ್ತಿದ್ದರು.

ಬಸ್ಸಿನಲ್ಲಿ ಕೂತವರಿಗೆ ಡ್ರೈವರಿನ ಎಡಗೆನ್ನೆ ಮಾತ್ರ ಕಾಣುತ್ತದೆ. ಹಾಗಾಗಿ ಆ ಮಾರ್ಗದ ಪ್ರಯಾಣಿಕರೆಲ್ಲ ಅವರನ್ನು ಬಹಳ ಖುಷಿ ಮನುಷ್ಯ ಎಂದೇ ತಿಳಿದಿದ್ದರು. ರಸ್ತೆಯಲ್ಲಿ ಎದುರು ಬಂದು ಪಕ್ಕದಲ್ಲಿ ಹಾಯುವ ಲಾರಿಯವರಿಗೆ ಕಾಣುತ್ತಿದ್ದದ್ದು ಬಲಗೆನ್ನೆ. "ಆ ಲಾರಿಯವ್ರು ತಾವಾಗೇ ಸೈಡ್ ಕೊಡೋರು. ಹಾರನ್ ಖರ್ಚೇ ಇರಲಿಲ್ಲ," ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಅವರ ಪರಿಚಯವಾದದ್ದು ನನ್ನ ತಂಗಿಯ ಮದುವೆಯ ಮಾತುಕತೆಯಲ್ಲಿ. ಆ ಮದುವೆ ಈ ಮುಖದ ದೆಸೆಯಿಂದ ನಿಂತೇಹೋಗುವುದರಲ್ಲಿತ್ತು.

ನಮ್ಮದು ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿ. ನಾನು ಜಿಲ್ಲಾ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ತಂಗಿ ಶಿರಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಹುಡುಗ ಪಾವಗಡದ ಕಡೆಯವನು, ಹೈಸ್ಕೂಲ್ ಮೇಷ್ಟ್ರು. ಹುಡುಗ, ಅವನ ತಾಯಿ, ಸೋದರಮಾವ ನಮ್ಮ ಮನೆಗೆ ಬಂದು ಹೆಣ್ಣು ನೋಡಿ ಹೋದರು. ಆಮೇಲೆ ಹುಡುಗನೂ ತಂಗಿಯೂ ಫೋನಿನಲ್ಲಿ ಮಾತಾಡಿಕೊಂಡರು. ಮಾತು ಎಷ್ಟು ಉದ್ದವಾಗುತ್ತ ಹೋಯಿತೆಂದರೆ, ತಂಗಿ ಒಪ್ಪಿದ್ದಾಳೆ ಎಂದು ಯಾರೂ ಕೇಳಿ ತಿಳಿಯಬೇಕಾಗಲಿಲ್ಲ. ಹುಡುಗನ ತಂದೆ ಮಾತ್ರ ಹೆಣ್ಣು ನೋಡಲು ಬಂದಿರಲಿಲ್ಲ. ಮಂಡಿ ನೋವು ಎಂದು ಹೇಳಿ ಕಳಿಸಿದ್ದರು. ಅಮ್ಮ ಇದನ್ನು ಮನಸ್ಸಿನಲ್ಲೇ ಇಟ್ಟುಕೊಂಡರು.

ನಮ್ಮಲ್ಲಿ ಹುಡುಗ ಒಪ್ಪಿಗೆಯಾದ ಮೇಲೆ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವ ಪದ್ಧತಿಯಿದೆ. ಹೆಣ್ಣನ್ನು ಕರೆದುಕೊಂಡು ಹೋಗುವುದಿಲ್ಲ. ಅಲ್ಲಿ ಬಾಳಬೇಕಾದವಳು ಅವಳು, ನೋಡಿ ತೀರ್ಮಾನ ಮಾಡುವವರು ಉಳಿದವರು. ಅಪ್ಪ, ಅಮ್ಮ, ದೊಡ್ಡಪ್ಪ, ಸೋದರತ್ತೆ ಮತ್ತು ನಾನು ಕಾರು ಮಾಡಿಕೊಂಡು ಹೊರಟೆವು. ಊರು ಬಲಸಮುದ್ರದಿಂದ ಇನ್ನೂ ಒಳಗೆ. ರಸ್ತೆಯ ಎರಡೂ ಪಕ್ಕ ಕಣ್ಣು ಹಾಯುವವರೆಗೂ ಸೋಲಾರ್ ಫಲಕಗಳು. ಕಣ್ಣಿಗೆ ಪೊರೆ ಬಂದು ಆಪರೇಷನ್ ಮುಂದಕ್ಕೆ ಹಾಕುತ್ತಲೇ ಇದ್ದ ದೊಡ್ಡಪ್ಪ ಕಿಟಕಿಯಾಚೆ ನೋಡಿ, "ಈ ಸಲ ಕೆರೆ ಚೆನ್ನಾಗಿ ತುಂಬೈತೆ ಕಣ್ಲಾ," ಅಂದರು. ಯಾರೂ ತಿದ್ದಲಿಲ್ಲ.

ಆ ಮನೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬಾಗಿಲು ದಾಟುವಷ್ಟರಲ್ಲಿ ಆಫೀಸಿನಿಂದ ಫೋನ್ ಬಂತು. ಮಧುಗಿರಿಯ ಸಭೆಯೊಂದರ ವರದಿಯಲ್ಲಿ ಒಂದು ವಾಕ್ಯ ಅರ್ಧಕ್ಕೇ ನಿಂತಿದೆ ಎಂದು ಡೆಸ್ಕಿನವರು ಹೇಳಿದರು. ಸಿಗ್ನಲ್ ಸಿಗುತ್ತಿದ್ದದ್ದು ಹಿತ್ತಲಿನ ಬೇವಿನ ಮರದ ಕೆಳಗೆ ಮಾತ್ರ. ಅಲ್ಲಿ ನಿಂತು ಆ ವಾಕ್ಯ ಮುಗಿಸಿ ಬರುವಷ್ಟರಲ್ಲಿ ಒಳಗೆ ಎಲ್ಲರೂ ಎದ್ದು ಕೈಮುಗಿಯುತ್ತಿದ್ದರು. ನಾನು ಕಂಡದ್ದು ಹುಡುಗನ ತಂದೆಯ ಬೆನ್ನು.

ಕಾರು ಊರು ದಾಟಿದ ಕೂಡಲೇ ಅಪ್ಪ ಸಮಾಧಾನದ ಉಸಿರು ಬಿಟ್ಟರು.

"ಎಂಥಾ ನಗುಮುಖ ಆವಯ್ಯಂದು," ಅಂದರು.

"ಯಾರ್ದು?" ಅಮ್ಮ ಕೇಳಿದರು.

"ಇನ್ಯಾರ್ದು, ಹುಡುಗನ ಅಪ್ಪಂದು. ನಾವಿದ್ದಷ್ಟೊತ್ತೂ ನಗ್ತಾನೇ ಕುಂತಿದ್ದ."

"ನೀವ್ಯಾರ ಮನೇಗೆ ಹೋಗಿದ್ರಿ?" ಅಮ್ಮ ಅವರತ್ತ ತಿರುಗಿದರು. "ಸುಟ್ಟ ಬದ್ನೆಕಾಯಿ ಹಂಗೆ ಮುಖ ಇಕ್ಕಂಡು ಕುಂತಿದ್ದ. ನಾನು ಆ ಕಡೆ ತಿರುಗಿದಾಗೆಲ್ಲ ನನ್ನನ್ನೇ ದುರುದುರು ನೋಡೋನು. ರೆಪ್ಪೆ ಕೂಡ ಬಡೀಲಿಲ್ಲ."

"ನಂಗೂ ಅಂಗೇ ಕಂಡ ಕಣಣ್ಣ," ಸೋದರತ್ತೆ ಹಿಂದಿನ ಸೀಟಿನಿಂದ ಅಂದರು. "ನಂಗಂತೂ ಉಪ್ಪಿಟ್ಟು ಗಂಟಲಲ್ಲಿ ಇಳೀಲಿಲ್ಲ."

"ಹೆಂಗಸ್ರಿಗೆ ಮನುಷ್ಯರ ಮುಖ ಓದೋಕೆ ಬರಲ್ಲ ಬುಡು."

"ಬರ್ದೇ ಇದ್ದಿದ್ದಕ್ಕೇ ನಿಮ್ಮನ್ನ ಕಟ್ಕಂಡಿದ್ದು."

ಅಪ್ಪ ಸಾಕ್ಷಿಗೆಂದು ದೊಡ್ಡಪ್ಪನ ಕಡೆ ನೋಡಿದರು. "ಅಣ್ಣ, ನೀನು ಸರಿಯಾಗಿ ಎದುರಿಗೇ ಕುಂತಿದ್ದೆ. ನೀನೇ ಹೇಳು, ಆವಯ್ಯ ಹೆಂಗವ್ನೆ?"

ದೊಡ್ಡಪ್ಪ ಯೋಚಿಸಿ, "ಬೆಳ್ಳಗೆ ಪಂಚೆ ಉಟ್ಟಿದ್ದ," ಅಂದರು.

"ಮುಖ ಹೆಂಗಿತ್ತು?"

"ಪಂಚೆಗಿಂತ ಮೇಲಿತ್ತು." ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, "ಕೇಸರಿಬಾತಿಗೆ ದ್ರಾಕ್ಷಿ ಧಾರಾಳವಾಗಿ ಹಾಕಿದ್ರು," ಎಂದು ಸೇರಿಸಿದರು.

ಮಧುಗಿರಿ ತಲುಪುವವರೆಗೂ ವಾದ ನಿಲ್ಲಲಿಲ್ಲ. ಬಾಗಿಲಲ್ಲಿ ಕೈಮುಗಿಯುವಾಗ ಆತ ಟವೆಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಿದ್ದರಂತೆ. ಅದು ವಿನಯ ಎಂದರು ಅಪ್ಪ. ನಮ್ಮ ವಾಸನೆಗೆ ಮೂಗು ಮುಚ್ಚಿಕೊಂಡಿದ್ದು ಎಂದರು ಅಮ್ಮ. ಆತ ಹೆಚ್ಚು ಮಾತಾಡಲಿಲ್ಲವಂತೆ. ಅಪ್ಪನಿಗೆ ಅದು ಸರಳತೆ, ಅಮ್ಮನಿಗೆ ಗರ್ವ. ಕೊನೆಗೆ ಅಮ್ಮ ನಿಜವಾದ ಕಾರಣ ಹೇಳಿದರು.

"ಮುಖ ಹಾಳಾಗೋಗ್ಲಿ. ಮನೇಗೆ ಬಂದೋರ ಜೊತೆ ಒಂದು ತುತ್ತು ತಿನ್ನಲಿಲ್ಲ. ಒಂದು ಲೋಟ ಕಾಫಿ ಮುಟ್ಟಲಿಲ್ಲ. ಹೆಂಡ್ತಿ ತಟ್ಟೆ ತಂದು ಇಟ್ರೆ ಕೈಯಲ್ಲಿ ತಳ್ದ. ನಾನು ಕಂಡೆ. ನಮ್ಮ ಜೊತೆ ಉಣ್ಣೋಕೆ ಆಗದವ್ರ ಮನೇಲಿ ನನ್ನ ಮಗಳು ಹೆಂಗೆ ಉಂತಾಳೆ?"

ನಮ್ಮ ಕಡೆ ಮನೆಗೆ ಬಂದವರ ಜೊತೆ ಕೂತು ತಿನ್ನದಿರುವುದಕ್ಕೆ ಒಂದೇ ಅರ್ಥ, ಆ ಅರ್ಥ ಒಳ್ಳೆಯದಲ್ಲ.

ಮರುದಿನ ಅಮ್ಮ ಪಡಸಾಲೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತ ಕೂತಿದ್ದರು. ತಂಗಿ ರಜೆ ಹಾಕಿ ಬಂದಿದ್ದಳು. ಮದುವೆ ಬೇಡ ಎಂದು ಹೇಳಿ ಕಳಿಸಲು ಅಮ್ಮ ಅಪ್ಪನಿಗೆ ಭಾನುವಾರದವರೆಗೆ ಗಡುವು ಕೊಟ್ಟಿದ್ದರು. ತಂಗಿ ಅಳಲಿಲ್ಲ, ಜಗಳವಾಡಲಿಲ್ಲ. ಅಮ್ಮನ ಎದುರು ಕೂತು, ನೆಲದ ಮೇಲೆ ಹುಣಸೆ ಬೀಜಗಳನ್ನು ಜೋಡಿಸತೊಡಗಿದಳು.

"ಇದು ಮಾವ ಕೂತಿದ್ದ ಕುರ್ಚಿ. ಅಪ್ಪ ಎಲ್ಲಿ ಕೂತಿದ್ರು?"

ಅಪ್ಪ ತೋರಿಸಿದರು. ಒಂದು ಬೀಜ ಇಟ್ಟಳು. ಅಮ್ಮನೂ ಅತ್ತೆಯೂ ಕೂತದ್ದು ಅಡುಗೆ ಮನೆಯ ಬಾಗಿಲ ಬಳಿ, ಚಾಪೆಯ ಮೇಲೆ. ಆ ಕಡೆ ಎರಡು ಬೀಜ. ಎದುರಿಗೆ ದೊಡ್ಡಪ್ಪ. ಅವರದು ಚಿಕ್ಕ ಬೀಜ.

"ನಕ್ಕಿದ್ದು ಕಂಡೋರೆಲ್ಲ ಈ ಕಡೆ, ಗುರಾಯಿಸಿದ್ದು ಕಂಡೋರೆಲ್ಲ ಆ ಕಡೆ," ಅಂದಳು. "ಒಂದು ಕಣ್ಣು ಮಿಟುಕಿಸ್ಲಿಲ್ಲ ಅಂತೀಯ. ಇದು ಗುಣ ಅಲ್ಲಮ್ಮ, ನರ. ನಮ್ಮ ಆಸ್ಪತ್ರೆಗೆ ಇಂಥೋರು ಬರ್ತಿರ್ತಾರೆ."

"ಊಟಕ್ಕೆ ಕೂರದೆ ಹೋದದ್ದು ಯಾವ ನರ?"

"ಅದೂ ಇದ್ರಿಂದ್ಲೇ ಇರಬೌದು."

"ಇರಬೌದು ಅಂತ ಮಗಳನ್ನ ಕೊಡೋಕಾಯ್ತದೇನೇ?"

"ಅವರನ್ನೇ ಕೇಳಬೌದಲ್ಲ."

"ಹೂಂ, ಹೋಗಿ ಕೇಳ್ತೀನಿ. ಸ್ವಾಮಿ, ನಿಮಗೆ ಸೊಕ್ಕಾ ಇಲ್ಲ ರೋಗಾನಾ ಅಂತ."

ತಂಗಿ ನನ್ನ ಕಡೆ ನೋಡಿದಳು. ಅಮ್ಮನೂ ನೋಡಿದರು. "ನೀನು ಪೇಪರಿನೋನು. ಊರ್ನೋರ ಮನೆ ಸುದ್ದಿನೆಲ್ಲ ತಿಳ್ಕಂಡು ಬರೀತೀಯ. ನಮ್ಮನೇದೊಂದು ತಿಳ್ಕಂಡು ಬಾ, ಹೋಗು," ಅಂದರು.

ಬೈಕಿನಲ್ಲಿ ಹೋದೆ. ನೇರವಾಗಿ ಮನೆಗೆ ಹೋಗದೆ ಊರ ಬಾಗಿಲಿನ ಟೀ ಅಂಗಡಿಯಲ್ಲಿ ಕೂತೆ. ಗಂಡಿನ ಬಗ್ಗೆ ವಿಚಾರಿಸುವವರು ಮೊದಲು ಅಲ್ಲೇ ಕೂರುತ್ತಾರೆ ಎಂಬುದು ಟೀ ಅಂಗಡಿಯವರಿಗೂ ಗೊತ್ತಿರುತ್ತದೆ. ನಾನು ಕೇಳುವ ಮೊದಲೇ ಆತ ಅಲ್ಲಿನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ, "ಹುಡುಗ ಬಂಗಾರ ಸಾರ್. ಅವರಪ್ಪನ ಬಗ್ಗೆ ಕೇಳ್ಬೇಕು ತಾನೇ?"

"ಹೆಂಗೆ ಮನುಷ್ಯ?"

"ಬೈತಾನೇ ಊಟಕ್ಕೆ ಕರೀತಾನೆ, ನಗ್ತಾನೇ ಉಗೀತಾನೆ. ನೀವು ಯಾವುದು ಬರ್ಕೊಂತೀರೋ ನಿಮಗೆ ಬಿಟ್ಟಿದ್ದು. ಅಂತೇ ಕದಾ, ಅಷ್ಟೇ ತಾನೇ?"

ಮನೆಯ ಅಂಗಳದಲ್ಲಿ ಅವರು ಕಂಬಕ್ಕೆ ಕನ್ನಡಿ ನೇತುಹಾಕಿ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದರು. ಜೋತುಬಿದ್ದ ಕೆನ್ನೆಯನ್ನು ಎಡಗೈಯಲ್ಲಿ ಮೇಲಕ್ಕೆ ಎಳೆದು ಹಿಡಿದುಕೊಂಡು ಬಲಗೈಯಲ್ಲಿ ರೇಜರ್ ಆಡಿಸುತ್ತಿದ್ದರು. ಕನ್ನಡಿಯಲ್ಲಿ ನನ್ನನ್ನು ಕಂಡರು. ತಿರುಗುವ ಮೊದಲು ಟವೆಲಿಗೆ ಕೈ ಹಾಕಿದರು. ಆಮೇಲೆ ಏನನ್ನಿಸಿತೋ, ಟವೆಲ್ ಬಿಟ್ಟು ಹಾಗೇ ತಿರುಗಿದರು. ಅರ್ಧ ಮುಖಕ್ಕೆ ಸೋಪಿನ ನೊರೆಯಿತ್ತು. ಆದರೂ ತಂಗಿಯ ಹುಣಸೆ ಬೀಜಗಳು ಸರಿ ಎಂದು ಒಂದು ನೋಟಕ್ಕೇ ತಿಳಿಯಿತು.

"ಪೇಪರ್ ಸಾರ್ ಬಂದ್ರಾ," ಅಂದರು. "ಅವತ್ತು ಮರದ ಕೆಳಗೇ ನಿಂತ್ರಿ. ನಿಮ್ಮ ಭಯಕ್ಕೇ ನಾನು ಬಾಯಿ ಬಿಡ್ಲಿಲ್ಲ. ಹುಡುಗೀ ಅಣ್ಣ ಪೇಪರಿನೋನು, ಮಾತಾಡಿದ್ದೆಲ್ಲ ನಾಳೆ ಪ್ರಿಂಟಾಗ್ತೈತೆ ಅಂತ ನಮ್ಮ ಬಾಮೈದ ಹೆದರಿಸಿದ್ದ."

ನಾನು ಬಂದ ವಿಷಯ ಹೇಳಿದೆ. ಸುತ್ತಿ ಬಳಸಿ ಹೇಳಲು ಪ್ರಯತ್ನಿಸಿದೆ. ಅವರು ಕೈ ಎತ್ತಿ ತಡೆದರು. "ಹೋಲ್ಡಾನ್. ಅಮ್ಮನೋರು ಏನಂದ್ರು, ಅದಷ್ಟು ಹೇಳಿ. ನಿಮ್ಮದು ಸೇರಿಸಬೇಡಿ."

ಹೇಳಿದೆ. ಸುಟ್ಟ ಬದನೆಕಾಯಿಯನ್ನೂ ಬಿಡಲಿಲ್ಲ. ಅವರು ನೊರೆ ಒರೆಸಿಕೊಳ್ಳುವುದನ್ನೂ ಮರೆತು ಕೇಳಿದರು. ಆಮೇಲೆ ಒಳಗೆ ಹೋಗಿ ನಡುಮನೆಯಲ್ಲಿ ಒಂದು ಕುರ್ಚಿ ತೋರಿಸಿದರು.

"ನೋಡಿ ಸಾರ್, ಅವತ್ತು ಬೆಳಗಿಂದ ಈ ಕುರ್ಚಿನ ಎತ್ತಿ ಎತ್ತಿ ಇಟ್ಟೆ. ಗಂಡಸರು ಬಾಗಿಲ ಕಡೆ ಕುಂತ್ಕೊಂತಾರೆ, ಅವ್ರಿಗೆ ನನ್ನ ಎಡಗಡೆ ಕಾಣಬೇಕು ಅಂತ ಲೆಕ್ಕ ಹಾಕಿ ಹಾಕಿ ಇಟ್ಟೆ. ಹೆಂಗಸ್ರು ಅಡಿಗೆ ಮನೆ ಬಾಗಿಲ ತಾವ ಕುಂತ್ಕೊಂತಾರೆ ಅನ್ನೋದು ಮರ್ತೇಬುಟ್ಟೆ." ತಲೆ ಅಲ್ಲಾಡಿಸಿದರು. "ಬೇಡ ಅನ್ನೋ ಅಧಿಕಾರ ಇರೋದು ಅವ್ರಿಗೇ. ಅವ್ರ ಕಡೆಗೇ ಬಲಗಡೆ ತಿರುಗಿಸಿ ಇಟ್ಬುಟ್ಟೆ. ಅಯ್ಯೋ ದೇವುಡಾ."

ಇದು ಅವರ ಹಳೆಯ ವ್ಯವಸ್ಥೆ ಎಂದು ಆಗ ತಿಳಿಯಿತು. ಬಾಯಿ ವಾರೆಯಾದ ಹೊಸದರಲ್ಲಿ ಊರಿನ ಹಿರಿಯರೊಬ್ಬರು ತೀರಿಕೊಂಡಿದ್ದರು. ಇವರು ಹೋಗಿ ಮಣ್ಣಾಗುವವರೆಗೂ ದುಃಖದಿಂದ ಕೂತಿದ್ದರು. ಆದರೆ ಆ ಮನೆಯವರಿಗೆ ಕಂಡದ್ದು ಎಡಗೆನ್ನೆ. ನಮ್ಮಪ್ಪ ಸತ್ತದ್ದಕ್ಕೆ ನಗುತ್ತ ಕೂತಿದ್ದ ಎಂದು ಆ ಮನೆಯವರು ಬಹಳ ಕಾಲ ಇವರೊಂದಿಗೆ ಮಾತು ಬಿಟ್ಟಿದ್ದರು. ಅಂದಿನಿಂದ ಸಾವಿನ ಮನೆಯಲ್ಲಿ ಬಲಗೆನ್ನೆ ಜನರ ಕಡೆಗೆ, ಮದುವೆ ಮನೆಯಲ್ಲಿ ಎಡಗೆನ್ನೆ ಜನರ ಕಡೆಗೆ ಎಂದು ಗೋಡೆ ನೋಡಿಕೊಂಡು ಕೂರುತ್ತಿದ್ದರು. ಪಂಚಾಯ್ತಿಗೆ ಕರೆದರೆ ಮಾತ್ರ ಕಷ್ಟವಾಗುತ್ತಿತ್ತಂತೆ. ಅಲ್ಲಿ ಯಾವ ಕಡೆಯವರಿಗೆ ಯಾವ ಕೆನ್ನೆ ಕೊಡಬೇಕು ಎಂದು ಗೊತ್ತಾಗದೆ ಕಂಬದ ಹಿಂದೆ ಕೂರುತ್ತಿದ್ದರು.

"ಊಟಕ್ಕೆ ಯಾಕೆ ಕೂರಲಿಲ್ಲ?" ಎಂದು ಕೇಳಿದೆ.

"ಅದನ್ನ ನಿಮಗೆ ಹೇಳಲ್ಲ ಸಾರ್," ಅಂದರು. "ಕೇಳಿದೋರಿಗೇ ಹೇಳ್ತೀನಿ. ರೈಟ್."

'ರೈಟ್' ಎಂದರೆ ಮಾತು ಮುಗಿಯಿತು, ನೀನಿನ್ನು ಹೊರಡು ಎಂದು ಅರ್ಥ. ಹೊರಟೆ. ನಾನು ಮನೆಗೆ ತಂದದ್ದು ಅರ್ಧ ಸುದ್ದಿ.

ಭಾನುವಾರ ಬೆಳಿಗ್ಗೆ ಅವರು ಒಬ್ಬರೇ ಬಸ್ಸಿನಲ್ಲಿ ಬಂದಿಳಿದರು. ಮಾತು ಕಟ್ಟುವ ಮೊದಲು ಗಂಡಿನ ತಂದೆ ಹೆಣ್ಣಿನ ಮನೆಗೆ ಕರೆಯದೆ ಬರುವುದು ನಮ್ಮ ಕಡೆ ಇಲ್ಲ. ಅದೂ ಒಬ್ಬರೇ. ಅಪ್ಪ ಸ್ನಾನದ ಮನೆಯಿಂದ ಒದ್ದೆ ಮೈಯಲ್ಲೇ ಓಡಿಬಂದರು. ಬೀಗರೇ ಅನ್ನಬೇಕೋ ಸ್ವಾಮಿ ಅನ್ನಬೇಕೋ ತಿಳಿಯದೆ, "ಬನ್ನಿ, ಬನ್ನಿ ಇವರೇ," ಅಂದರು. ಕುರ್ಚಿ ತಂದು ಹಾಕಿದರು. ಅವರು ಕುರ್ಚಿಯನ್ನು ದಾಟಿ ಒಳಗೆ ನಡೆದರು.

"ಅಮ್ಮನೋರು ಎಲ್ಲವ್ರೆ?"

ಅಮ್ಮ ಅಡುಗೆ ಮನೆಯಲ್ಲಿ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದರು. ಕೋಲು ಹಾಕಿ ತೊಳಸುವಾಗ ನಡುವೆ ಬಿಟ್ಟೇಳುವ ಹಾಗಿಲ್ಲ, ಬಿಟ್ಟರೆ ಗಂಟು. ಹಾಗಾಗಿ ಪರಸ್ಥಳದ ಗಂಡಸು ಅಡುಗೆ ಮನೆಯ ಹೊಸ್ತಿಲಿಗೆ ಬಂದು ಕೂತಾಗ ಅವರಿಗೆ ಸೆರಗು ಸರಿಮಾಡಿಕೊಳ್ಳಲೂ ಆಗಲಿಲ್ಲ. ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಅಮ್ಮನಿಗೆ ನೇರ ಎದುರಾಗಿ ಕೂತು, ಹೆಗಲ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅಮ್ಮಾ, ಅವತ್ತು ನಿಮಗೆ ಅರ್ಧ ಕಾಣಿಸ್ತು, ಯಜಮಾನ್ರಿಗೆ ಇನ್ನರ್ಧ. ಪೂರ್ತಿ ಇಂಗೈತೆ. ನೋಡ್ಕೊಳ್ಳಿ," ಅಂದರು.

ಅಮ್ಮ ನೋಡಿದರು. ಸಂಕೋಚವಿಲ್ಲದೆ, ಅವಸರವಿಲ್ಲದೆ, ಕೋಲು ತಿರುಗಿಸುತ್ತಲೇ ನೋಡಿದರು. ಬಾಗಿಲ ಬದಿಯಲ್ಲಿ ನಿಂತು ತಂಗಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ನಮ್ಮ ಜೊತೆ ಯಾಕೆ ಉಣ್ಣಲಿಲ್ಲ?" ಅಮ್ಮ ಕೇಳಿದರು.

"ಕಾಫಿ ಕುಡಿದ್ರೆ ಅರ್ಧ ಒಳಗೋಗ್ತೈತೆ, ಅರ್ಧ ಷರ್ಟಿಗೋಗ್ತೈತಮ್ಮ. ಅವತ್ತು ಹೊಸ ಷರ್ಟು."

ಅಮ್ಮ ಒಲೆಯ ಕಡೆ ತಿರುಗಿದರು. ಅವರ ಹೆಗಲು ಅಲುಗಿತು. ಅದು ನಗುವೋ ಮುದ್ದೆ ತೊಳಸುವ ಶ್ರಮವೋ ನಾನು ನಿಂತಿದ್ದ ಜಾಗದಿಂದ ಖಚಿತವಾಗಲಿಲ್ಲ.

"ಹೆಣ್ಣು ನೋಡೋಕೂ ಬರಲಿಲ್ಲ. ಮಂಡಿ ನೋವಂತೆ."

"ಮಂಡಿ ಚೆನ್ನಾಗೈತೆ. ಅದೂ ಕಾಫಿನೇ."

ಆಮೇಲೆ ಅವರು ದನಿ ತಗ್ಗಿಸಿ ಹೇಳಿದರು. "ನಮ್ಮ ಹುಡುಗಂಗೆ ಹಿಂದೆ ಬಂದ ಸಂಬಂಧಗಳೂ ಇಂಗೇ ಮನೆ ನೋಡಿದ ಮೇಲೆ ನಿಂತೋದ್ವು. ನಮ್ಮೂರ ಬಿಸಿಲಿಗೆ ಹೆದರ್ಕೊಂಡ್ರು ಅಂತ ನಾನು ತಿಳ್ಕೊಂಡಿದ್ದೆ. ಪೇಪರ್ ಸಾರ್ ಬಂದೋದ ಮೇಲೆ ನಮ್ಮ ಹುಡುಗನ್ನ ಕೂರಿಸ್ಕೊಂಡು ಕೇಳಿದೆ. ನನ್ನ ಮುಖದಿಂದ್ಲೇ ಅಂತ ಅವನಿಗೆ ಮೊದ್ಲೇ ಗೊತ್ತಂತೆ. ಒಂದು ದಿನಾನೂ ನನ್ನ ಮುಂದೆ ಅಂದಿಲ್ಲ, ಏಮಂಟಾರು, ಏನಂತೀರ ಅದಕ್ಕೆ? ನಿಮ್ಮ ಹುಡುಗಿಗೆ ಅವನು ಇಷ್ಟ ಅಂತೆ. ಬೇಡ ಅನ್ನೋದಾದ್ರೆ ಅವನಲ್ಲಿ ಏನಾದ್ರೂ ಕೊರತೆ ಹುಡುಕಿ ಅನ್ನಿ. ನನ್ನಿಂದ ಬೇಡ."

ಅಮ್ಮ ಮುದ್ದೆ ಕಟ್ಟಿದರು. ತಟ್ಟೆಗೆ ಹಾಕಿ, ಅವರೆಕಾಳು ಸಾರು ಬಿಟ್ಟು ಅವರ ಮುಂದೆ ತಳ್ಳಿದರು. "ಉಣ್ಣಿ," ಅಂದರು, ಅಷ್ಟೇ.

ಅವರು ಉಂಡರು. ತುತ್ತು ಮುರಿದು 'ಮುದ್ದೆ ಅನ್ನೋದು ನನ್ನಂಥೋರಿಗೇ ಮಾಡಿರೋದಮ್ಮ, ಅಗಿಯೋ ಹಂಗೇ ಇಲ್ಲ' ಎನ್ನುತ್ತ ನುಂಗಿದರು. ಸಾರು ಬಲತುಟಿಯ ತುದಿಯಿಂದ ಇಳಿಯಿತು. ಅವರ ಕೈ ತಕ್ಷಣ ಟವೆಲಿಗೆ ಹೋಯಿತು.

"ಇರ್ಲಿ ಬುಡಿ," ಅಮ್ಮ ಅಂದರು. "ನಮ್ಮನೆಯವ್ರಿಗೆ ಬಾಯಿ ಎರಡೂ ಕಡೆ ನೆಟ್ಟಗೈತೆ. ಅವ್ರು ಉಣ್ಣೋದೂ ಷರ್ಟ್ ಮೇಲೇ."

ಆಗಷ್ಟೇ ಷರ್ಟ್ ಹಾಕಿಕೊಂಡು ಬಂದಿದ್ದ ಅಪ್ಪ ಬಾಗಿಲಲ್ಲಿ ನಿಂತು ತಮ್ಮ ಎದೆ ನೋಡಿಕೊಂಡರು.

ಅವರು ಬಸ್ಸಿಗೆ ಹೋದ ಮೇಲೆ ಅಮ್ಮ ಮತ್ತೆ ಹುಣಸೆಹಣ್ಣಿನ ಮುಂದೆ ಕೂತರು. ಬಹಳ ಹೊತ್ತಿನ ನಂತರ ಅಪ್ಪನಿಗೆ, "ನೀವು ಹೇಳ್ದಂಗೆ ನಗುಮುಖ ಏನಲ್ಲ," ಅಂದರು.

"ನೀನು ಹೇಳ್ದಂಗೆ ಸಿಡುಕನೂ ಅಲ್ಲ."

"ಅದಕ್ಕೇ. ಆಯ್ತು ಅಂತ ಹೇಳಿ ಕಳಿಸಿ."

ಅಪ್ಪ ಎಣಿಸಿದ್ದ ಸರಳ, ನಗುಮುಖದ ಮನುಷ್ಯ ಅವರಲ್ಲ ಎಂಬುದಕ್ಕೆ ಪುರಾವೆ ಮದುವೆಯಾದ ಮಾರನೆಯ ದಿನವೇ ಸಿಕ್ಕಿತು. ಎರಡೂ ಮನೆಯವರು ಒಂದೇ ಬಸ್ಸಿನಲ್ಲಿ ಗೊರವನಹಳ್ಳಿಗೆ ಹೋಗಿದ್ದೆವು. ಬರುವಾಗ ಕೊರಟಗೆರೆಯಲ್ಲಿ ಟೀಗೆ ನಿಲ್ಲಿಸಿದರು. ಬಸ್ಸು ಓಡಿಸುತ್ತಿದ್ದದ್ದು ಬೇರೆ ಡ್ರೈವರ್, ಆದರೆ ಹತ್ತು ನಿಮಿಷ ಎಂದು ಹೇಳಿದ್ದು ಬೀಗರೇ. ಹತ್ತು ನಿಮಿಷವಾದ ಕೂಡಲೇ ಬಾಗಿಲು ಬಡಿದು "ರೈಟ್ ರೈಟ್" ಅಂದರು. ಬಸ್ಸು ಹೊರಟಿತು. ಹೆಣ್ಣಿನ ತಂದೆ ಇನ್ನೂ ಬೋಂಡ ತಿನ್ನುತ್ತ ಅಂಗಡಿಯಲ್ಲೇ ಇದ್ದರು. ನಾನು ಹೇಳಿದಾಗ, "ಟೈಮ್ ಅಂದ್ರೆ ಟೈಮ್ ಸಾರ್. ಬೀಗರಿಗೊಂದು, ಪ್ಯಾಸೆಂಜರ್‌ಗೊಂದು ಇಲ್ಲ," ಅಂದರು. ಅಪ್ಪ ಯಾರದೋ ಬೈಕಿನಲ್ಲಿ ಅಟ್ಟಿಸಿಕೊಂಡು ಬಂದು ಬಸ್ಸು ಹತ್ತಿದರು. ಕೈಯಲ್ಲಿ ಬೋಂಡ ಇತ್ತು. ಬೀಗರು ಸೀಟಿನಿಂದೆದ್ದು ತಮ್ಮ ಜಾಗ ಬಿಟ್ಟುಕೊಟ್ಟು ಮಧುಗಿರಿಯವರೆಗೂ ನಿಂತೇ ಬಂದರು. ಕ್ಷಮೆ ಕೇಳಲಿಲ್ಲ. ಬೀಗರೂಟದ ದಿನ ಅಮ್ಮ ಪಂಕ್ತಿಯಲ್ಲಿ ಬೇಕೆಂದೇ ಅವರ ಬಲಗಡೆಯ, ಸಾರು ಇಳಿಯುವ ಕಡೆಯ ಎಲೆಗೆ ಕೂತರು.

ಜನರ ಬಗ್ಗೆ ಅವರು ಬಸ್ಸಿನ ಭಾಷೆಯಲ್ಲೇ ಮಾತಾಡುತ್ತಿದ್ದರು. "ಹತ್ತುವಾಗ ಎಲ್ಲಾರೂ ನೂಕ್ತಾರೆ ಸಾರ್. ಅದ್ರ ಮೇಲೆ ಯಾರನ್ನೂ ಅಳೀಬಾರ್ದು. ಹತ್ತಿ ಕುಂತ ಮೇಲೆ ಮಗು ಎತ್ಕೊಂಡೋಳು ಬಂದ್ರೆ ಯಾರು ಏಳ್ತಾರೆ, ಅದು ನೋಡ್ಬೇಕು. ಅದಕ್ಕೆ ಮಿಡಿಗೇಶಿ ತನಕ ಆದ್ರೂ ಹೋಗ್ಬೇಕು," ಎನ್ನುತ್ತಿದ್ದರು. ಬೇರೆಯವರ ಬಸ್ಸಿನಲ್ಲಿ ಪ್ರಯಾಣಿಕರಾಗಿ ಕೂತಾಗ ಮಾತ್ರ ಈ ಸಹನೆ ಇರುತ್ತಿರಲಿಲ್ಲ. ಕಾಣದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದರು, ತಿರುವು ಬಂದಾಗಲೆಲ್ಲ ಡ್ರೈವರನನ್ನು ಬೈಯುತ್ತಿದ್ದರು. ಹೊಸ ಡ್ರೈವರುಗಳ ಬಗ್ಗೆ ಅವರ ಮೊದಲ ಅಭಿಪ್ರಾಯವೇ ಕೊನೆಯದು. ಇದನ್ನು ನಾನು ಒಮ್ಮೆ ಎತ್ತಿ ತೋರಿಸಿದಾಗ, "ಡ್ರೈವರ್‌ಗಳು ಜನ ಅಲ್ಲ ಸಾರ್, ಅವ್ರ ಲೆಕ್ಕ ಬೇರೆ," ಎಂದು ಬಾಯಿ ಮುಚ್ಚಿಸಿದರು.

ನನ್ನ ವರದಿಗಳನ್ನು ಅವರು ಓದುತ್ತಿದ್ದರು. ವಾರಕ್ಕೊಮ್ಮೆಯಾದರೂ ಫೋನ್ ಬರುತ್ತಿತ್ತು. ನಮಸ್ಕಾರ, ಆರೋಗ್ಯ ಯಾವುದೂ ಇಲ್ಲ. "ಸಾರ್, ಇದು ಯಾವ ಕಡೆ ಕುಂತು ಬರೆದಿದ್ದು?" ಎಂದೇ ಶುರು. ಒಮ್ಮೆ ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಮೊದಲ ಸಭೆಯಲ್ಲೇ ಜನರ ಅಹವಾಲಿಗೆ ಒಂದು ಮಾತೂ ಆಡದೆ ಮುಖ ಗಂಟಿಕ್ಕಿಕೊಂಡು ಎದ್ದುಹೋದರು. ಒಳ್ಳೆಯ ಸುದ್ದಿ. ಶೀರ್ಷಿಕೆಯೂ ಸಿದ್ಧವಾಗಿತ್ತು. ಕಳಿಸುವ ಮುಂಚೆ ಬೀಗರ ಪ್ರಶ್ನೆ ಕಿವಿಯಲ್ಲಿ ಕೇಳಿಸಿದಂತಾಗಿ, ಅಧಿಕಾರಿಯ ಕೊಠಡಿಗೆ ಹೋದೆ. ಅವರು ಕೆನ್ನೆಗೆ ಐಸ್ ಒತ್ತಿಕೊಂಡು ಕೂತಿದ್ದರು. ಬೆಳಿಗ್ಗೆಯಷ್ಟೇ ದವಡೆ ಹಲ್ಲು ಕೀಳಿಸಿಕೊಂಡು, ಬಾಯಿ ತುಂಬ ಹತ್ತಿ ತುರುಕಿಕೊಂಡು ಸಭೆಗೆ ಬಂದಿದ್ದರಂತೆ. ಇದನ್ನೂ ಅವರು ಬರೆದು ತೋರಿಸಿದರು. ಮಾರನೆಯ ದಿನ ಪತ್ರಿಕೆಯಲ್ಲಿ ಸಭೆಯ ಸುದ್ದಿ ನಾಲ್ಕು ಸಾಲು ಬಂತು. ಬೀಗರ ಎಂದಿನ ಫೋನ್ ಮಾತ್ರ ಬರಲಿಲ್ಲ. ಅದು ಮೆಚ್ಚುಗೆ ಎಂದು ತಿಳಿದುಕೊಂಡೆ. ಈ ಕಸುಬಿನಲ್ಲಿ ನನಗೆ ಪಾಠ ಹೇಳಿದ ಸಂಪಾದಕರು ಹಲವರಿದ್ದಾರೆ. ಆದರೆ ಸಭೆಗೆ ಹೋದಾಗ ಎದ್ದು ಒಂದು ಸುತ್ತು ಹಾಕಿ ಆ ಕಡೆಯಿಂದಲೂ ನೋಡಿ ಬರುವ ಅಭ್ಯಾಸ ಬಂದದ್ದು ಈ ಡ್ರೈವರಿನಿಂದ.

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೃದಯಾಘಾತ. ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀಗರ ಮನೆಯಿಂದ ಅಡುಗೆ ಹೋಗುತ್ತದೆ. ಅಮ್ಮ ಯಾರನ್ನೂ ಹತ್ತಿರ ಸೇರಿಸದೆ ಒಬ್ಬರೇ ಎಲ್ಲವನ್ನೂ ಮಾಡಿ, ಪಾತ್ರೆಗಳನ್ನು ಕಾರಿನಲ್ಲಿಟ್ಟುಕೊಂಡು ಹೋದರು. ತಂಗಿಯನ್ನೂ ಅವಳ ಅತ್ತೆಯನ್ನೂ ಬಲವಂತ ಮಾಡಿ ಉಣ್ಣಿಸಿದರು. ಆಮೇಲೆ ಅಂಗಳದಲ್ಲಿ ಕೂತಿದ್ದ ದೂರದ ನೆಂಟರಿಗೆ ಬಡಿಸಲು ಹೊರಗೆ ಬಂದರು.

ಹಿಂದೂಪುರದ ಕಡೆಯಿಂದ ಬಂದಿದ್ದ ಒಬ್ಬರು ಪಕ್ಕದವರಿಗೆ ಹೇಳುತ್ತಿದ್ದರು. "ಪೋಯಿನ ಮನಿಷಿ, ಸತ್ತೋರ ಬಗ್ಗೆ ಅನ್ನಬಾರ್ದು. ಆದ್ರೂ ಬಹಳ ಗರ್ವ ಇತ್ತು ಈ ಮನುಷ್ಯಂಗೆ. ನಮ್ಮ ಹುಡುಗನ ಮದುವೇಲಿ ಊಟಕ್ಕೇ ಕೂರಲಿಲ್ಲ."

ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟರು.

"ನೀವು ಅವ್ರನ್ನ ಎಷ್ಟು ಸಲ ನೋಡಿದ್ದೀರಿ?"

"ಅದೇ ಮದುವೇಲಿ, ಒಂದ್ಸಲ."

"ಒಂದ್ಸಲ ನೋಡಿದೋರು ಸುಮ್ಕೆ ಕುಂತ್ಕಳಿ," ಅಮ್ಮ ಅಂದರು.

ಅಮ್ಮ ಆತನ ಮುಂದೆ ಎಲೆ ಹಾಸಿ, ನೀರು ಚಿಮುಕಿಸಿ, ಮುದ್ದೆ ಇಟ್ಟರು. ಆತ ಉಂಡು ಮುಗಿಸುವವರೆಗೂ ಎದುರಿಗೇ ನಿಂತಿದ್ದು, ಬೇಡ ಎಂದರೂ ಕೇಳದೆ ಇನ್ನೊಂದು ಸೌಟು ಸಾರು ಬಿಟ್ಟರು.